ಸ್ಟೂಲು ಕೇಳಿದ ಮೇಲೆ

ಅವರೆ ಹೂ ಬಿಡುವ ಕಾಲದ ಒಂದು ಭಾನುವಾರ ನಮ್ಮ ಯಜಮಾನರು ನನ್ನ ಹತ್ತಿರ ಸ್ಟೂಲು ಕೇಳಿದರು. ಬೇರೆ ಊರಿನ ಹೆಂಗಸಾಗಿದ್ದರೆ “ಅಲ್ಲೇ ಬಿದ್ದಿದೆ, ಎಳಕೊಳ್ಳಿ” ಎಂದು ಹೇಳಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ನಾನು ಸೈಕಲ್ಲಿನ ಮೇಲೇ ನಡುಗಿಬಿಟ್ಟೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದುಕೊಂಡೆ. ಹೇಗೋ ಸಂಭಾಳಿಸಿಕೊಂಡು ಮುಂದೆ ಹೋದೆ, ಏಕೆಂದರೆ ಅಲ್ಲಿ ನಿಲ್ಲುವ ಹಾಗಿರಲಿಲ್ಲ.

ನಮ್ಮ ಊರಿಗೆ ಹಿಂದೆ ರೈಲು ಬರುತ್ತಿತ್ತು. ಅದು ನಿಂತ ಮೇಲೆ ಕಂಬಿಗಳನ್ನೂ ಕಿತ್ತುಕೊಂಡು ಹೋದರು. ಉಳಿದದ್ದು ಎರಡೂ ಕಡೆ ಕೆರೆಯ ನೀರು, ನಡುವೆ ಎತ್ತರದ ಏರಿ, ಅದರ ಮೇಲೆ ಒಂದು ಸೈಕಲ್ಲು ಹೋಗುವಷ್ಟು ದಾರಿ. ಪುರಸಭೆಯವರು ಕೆಂಪು ಮಣ್ಣು ಹೊಡೆಸಿ ಗಟ್ಟಿ ಮಾಡಿಸಿದರು, ಹೊಂಗೆ ಸಸಿ ನೆಡಿಸಿದರು, ಹಳೇ ಸ್ಟೇಷನ್ನಿನ ಎದುರಿಗೆ ಬೋರ್ಡು ಹಾಕಿಸಿದರು: “ಕುಟುಂಬ ಸಮೇತ ಬನ್ನಿ, ಸೈಕಲ್ ಸವಾರಿಯ ಆನಂದ ಅನುಭವಿಸಿ.” ಕೆಳಗೆ ಸಣ್ಣ ಅಕ್ಷರದಲ್ಲಿ: “ಎರಡು ಸ್ಟೇಷನ್ನುಗಳ ನಡುವೆ ಕಾಲು ಊರಬಾರದು.” ಊರಿದವರ ಕಾಲನ್ನು ನೆಲ ಹಿಡಿದುಕೊಳ್ಳುತ್ತದೆ. ಅದನ್ನು ಬೋರ್ಡಿನಲ್ಲಿ ಬರೆಸಿಲ್ಲ. ಗೊತ್ತಿಲ್ಲದವರು ಯಾರೂ ಇಲ್ಲವಲ್ಲ, ಪೇಂಟಾದರೂ ಉಳಿಯಲಿ ಅಂದುಕೊಂಡಿರಬೇಕು.

ಹಿಡಿದ ಕಾಲನ್ನು ನೆಲ ಯಾವಾಗ ಬಿಡುತ್ತದೆ ಎಂದು ಹೇಳಲು ಬರುವುದಿಲ್ಲ. ಅಗೆದು ಬಿಡಿಸುತ್ತೇವೆಂದು ಒಮ್ಮೆ ಹಾರೆ ಗುದ್ದಲಿ ತಂದು ಇಳಿದವರು ಹಾರೆ ಗುದ್ದಲಿ ಸಮೇತ ಅಲ್ಲೇ ನಿಂತರು. ಕೆಲವರನ್ನು ಸಂಜೆಯೊಳಗೇ ಬಿಟ್ಟಿದೆ, ಕೆಲವರಿಗೆ ಒಂದು ಮಳೆಗಾಲ ಹಿಡಿದಿದೆ. ಬಿಟ್ಟ ಗಳಿಗೆಗೆ ಹತ್ತಿಕೊಂಡು ಹೋಗಬೇಕಲ್ಲ, ಅದಕ್ಕೆ ನಿಂತವರು ತಮ್ಮ ಸೈಕಲ್ಲನ್ನು ಪಕ್ಕದಲ್ಲೇ, ಏರಿಯ ಅಂಚಿಗೆ ಒರಗಿಸಿಕೊಂಡು ದಿನಾ ಒರೆಸುತ್ತಾರೆ, ಗಾಳಿ ನೋಡುತ್ತಾರೆ, ಬೆನ್ನಿಗೊಂದು ಬಿದಿರಿನ ಗಳು ನೆಟ್ಟುಕೊಂಡು ಅದಕ್ಕೆ ಟವೆಲಿನಿಂದ ಸೊಂಟ ಕಟ್ಟಿಕೊಂಡು ನಿಂತೇ ನಿದ್ದೆ ಮಾಡುತ್ತಾರೆ. ಏಕೆಂದರೆ ಒಂದು ಮಾತು ಊರಿಗೆಲ್ಲ ಗೊತ್ತು. ನಿಂತವರನ್ನು ನೆಲ ಇವತ್ತಲ್ಲ ನಾಳೆ ಬಿಡುತ್ತದೆ. ಕೂತವರನ್ನು ಈವರೆಗೆ ಬಿಟ್ಟಿಲ್ಲ.

ಉಳಿದ ನಾವೆಲ್ಲ ಇದಕ್ಕೆ ಒಗ್ಗಿಕೊಂಡಿದ್ದೇವೆ. ನಿಂತವರ ಪಕ್ಕದ ಗಳುವಿಗೆ ಕೊಕ್ಕೆ ಸಿಕ್ಕಿಸಿರುತ್ತಾರೆ, ಹೋಗುತ್ತಾ ಹೋಗುತ್ತಾ ಊಟದ ಚೀಲವನ್ನು ಅದಕ್ಕೆ ತಗುಲಿಹಾಕುತ್ತೇವೆ. ನಮ್ಮ ಹೆಂಗಸರು ಸೈಕಲ್ಲನ್ನು ಎಷ್ಟು ನಿಧಾನವಾಗಿ ತುಳಿಯುತ್ತಾರೆಂದರೆ ಎರಡು ಮಾತಾಡಲು ಪುರುಸೊತ್ತು ಸಿಗುತ್ತದೆ. ಬೆಳಿಗ್ಗೆ ಎಲ್ಲರೂ ಆ ತುದಿಯ ಹುಣಸೆತೋಪು ಸ್ಟೇಷನ್ನಿಗೆ ಹೋಗುತ್ತೇವೆ, ಮಧ್ಯಾಹ್ನ ವಾಪಸು ಬರುತ್ತೇವೆ. ಹೋಗುವಾಗ ಪ್ರಶ್ನೆ ಕೇಳಿದರೆ ಬರುವಾಗ ಉತ್ತರ ಸಿಗುತ್ತದೆ. ಎಷ್ಟೋ ಮನೆಗಳ ಮದುವೆ ಮಾತುಕತೆ, ಜಗಳ, ರಾಜಿ ಎಲ್ಲ ಹೀಗೇ ನಡೆದಿದೆ. ನಾವು ಹಾಯುವಾಗ ನಿಂತವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂಬುದು ಕಟ್ಟುನಿಟ್ಟು. ಪ್ರೀತಿಯಿಂದ ಮುಟ್ಟಿದರೂ ಸೈಕಲ್ಲು ಓಲಿ ಇನ್ನೊಬ್ಬರ ಕಾಲೂ ನೆಲಕ್ಕೆ ಬಂದೀತು.

ನಮ್ಮ ಯಜಮಾನರು, ಅಂದರೆ ಕುಕ್ಕರ್ ಮಿಕ್ಸಿ ರಿಪೇರಿಯ ಶಂಭು, ನಿಂತದ್ದು ಒಂದು ಚಪ್ಪಲಿಗಾಗಿ. ಹೋದ ವರ್ಷ ಮಗಳು ಬಿಂದು ಅವರ ಸೈಕಲ್ಲಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ಚಪ್ಪಲಿ ಜಾರಿ ಬಿತ್ತು. ಹೊಸದು, ಗುಲಾಬಿ ಬಣ್ಣದ್ದು. ಇವರು ಹಿಂದೆ ಮುಂದೆ ನೋಡದೆ ಕಾಲೂರಿ ಬಗ್ಗಿದರು. ಹಿಂದೆ ಬರುತ್ತಿದ್ದ ನಾನು ಕಿರುಚುವಷ್ಟರಲ್ಲಿ ಆಗಿಹೋಗಿತ್ತು. ಆಗಲೂ ಅವರಿಗೆ ತಲೆ ಓಡಿತು ಅನ್ನಿ, ಸೈಕಲ್ಲನ್ನು ಅಂಚಿಗೆ ಎಳೆದುಕೊಂಡು, ನಾನು ಹಾಯುವಾಗ ಮಗುವನ್ನು ಎತ್ತಿ ನನ್ನ ಕ್ಯಾರಿಯರಿನ ಮೇಲೆ ಇಟ್ಟುಬಿಟ್ಟರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಬಿಂದು ಹಿಂದೆ ತಿರುಗಿ ಅಳುತ್ತಾ ಬಂದಳು. ಆವತ್ತಿನಿಂದ ಆ ದಾರಿಗೆ ಅವಳನ್ನು ನಾನು ಕರೆದೊಯ್ಯಲಿಲ್ಲ. ಅಪ್ಪನನ್ನು ಕಂಡರೆ ಹಾರಿ ಇಳಿಯದೆ ಇರುವ ಮಗು ಅದಲ್ಲ.

ಮೊದಮೊದಲು ಅವರು ಚೆನ್ನಾಗಿಯೇ ಇದ್ದರು. ನಾನು ಹಾದಾಗಲೆಲ್ಲ “ಬಿಂದು ಏನ್ ಮಾಡ್ತಿದಾಳೆ?” ಎಂದೇ ಕೇಳುತ್ತಿದ್ದರು. ಆಮೇಲೆ ಯಾರೋ ಹೋಗುತ್ತಾ ಕೆಟ್ಟ ಮಿಕ್ಸಿಯನ್ನು ಕೊಕ್ಕೆಗೆ ತಗುಲಿಹಾಕಿದರು. ಇವರು ರಿಪೇರಿ ಮಾಡಿ ಮುಂದಿನ ವಾರ ಅದೇ ಕೊಕ್ಕೆಯಲ್ಲಿಟ್ಟರು. ಅಲ್ಲಿಂದ ಶುರುವಾಯಿತು. ಊರಿನ ಕುಕ್ಕರು, ಮಿಕ್ಸಿ, ಟಾರ್ಚು ಎಲ್ಲ ಅಲ್ಲಿಗೇ ಬರತೊಡಗಿದವು. “ಪೇಟೆಗಿಂತ ಇಲ್ಲೇ ಆರಾಮು ಕಣೇ, ಯಾರೂ ತಲೆ ಮೇಲೆ ನಿಂತು ಅವಸರ ಮಾಡೋಕಾಗಲ್ಲ” ಎಂದರು ಒಂದು ಸಲ. ನಾನೂ ನಕ್ಕೆ. ಯಾರೋ ಕೊಟ್ಟ ಚಪ್ಪರದವರೆ ಬೀಜವನ್ನು ಕಾಲ ಬುಡದಲ್ಲಿ ಊರಿದರು. ಅದು ಹಬ್ಬಿ ಅವರ ಸೈಕಲ್ಲಿನ ಚಕ್ರ, ಪೆಡಲು, ಹ್ಯಾಂಡಲ್ಲು ಎಲ್ಲವನ್ನೂ ಸುತ್ತಿಕೊಂಡಿತು. ಬಳ್ಳಿ ಕಿತ್ತುಹಾಕಿ ಎಂದು ನಾನು ಒದರಿಕೊಂಡರೆ “ಪಾಪ, ಹೂ ಬಿಟ್ಟಿದೆ” ಎಂದರು. ಬಿಂದುವಿನ ಸುದ್ದಿ ಕೇಳುವುದನ್ನು ಯಾವಾಗ ಬಿಟ್ಟರೋ ನನಗೆ ಗೊತ್ತೇ ಆಗಲಿಲ್ಲ. ಅದಾದ ಮೇಲೆ ಸ್ಟೂಲು.

“ಕಾಲು ನೋಯ್ತಿರುತ್ತೆ ಕಣಮ್ಮ ಜಯಾ. ನಿಂತೂ ನಿಂತೂ ಸಾಕಾಗಿದೆ ನನ್ನ ಮಗನಿಗೆ. ಕೊಟ್ಟು ಬಾ” ಎಂದರು ನನ್ನ ಅತ್ತೆ ಸಣ್ಣಮ್ಮ.

“ಕೊಟ್ರೆ ಮುಗೀತು ಅತ್ತೆ. ಆಮೇಲೆ ಅವರು ನಮ್ಮನೆಯವರಲ್ಲ, ಆ ದಾರಿಯವರು.”

“ಹೆತ್ತ ಹೊಟ್ಟೆಗೆ ಅದೆಲ್ಲ ಗೊತ್ತಾಗಲ್ವೇನೇ? ಕೂತಾದ್ರೂ ಇರ್ಲಿ, ಇರ್ಲಿ ಅಂತೀನಿ” ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಹಿಟ್ಟಿನ ಮಿಲ್ಲು ನಡೆಸುವವಳು. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಮುದುಕಿ ಊಟ ಬಿಟ್ಟು ಮಲಗಿದರು. ಒಲೆಯ ಮುಂದೆ ಕೂತು ಯೋಚಿಸಿದಾಗ ಒಂದೇ ದಾರಿ ತೋಚಿತು. ಸ್ಟೂಲಿನ ಬದಲು ಮಗಳನ್ನು ಕರೆದುಕೊಂಡು ಹೋಗುವುದು. ಅವಳನ್ನು ಕಂಡೂ ಅವರ ಎದೆ ಮಿಡಿಯದಿದ್ದರೆ ಇನ್ನು ಯಾವುದಕ್ಕೂ ಮಿಡಿಯದು.

ಬಿಂದು ಅಷ್ಟರಲ್ಲಿ ಸೈಕಲ್ಲು ಕಲಿತಿದ್ದಳು. ಅಪ್ಪ ಸೀಟು ಹಿಡಿದು ಹಿಂದೆ ಓಡುತ್ತಾ ಕಲಿಸಬೇಕಾದದ್ದು, ಅವಳು ಸ್ಟೇಷನ್ನಿನ ಅಂಗಳದಲ್ಲಿ ಮೊಣಕಾಲು ಕೆತ್ತಿಸಿಕೊಂಡು ಒಬ್ಬಳೇ ಕಲಿತಳು. ಆ ದಾರಿಗೆ ಹೊಸಬರನ್ನು ಬಿಡುವ ಮೊದಲು ಪುರಸಭೆಯ ಕಾವಲುಗಾರ ಹಳೇ ನೀರಿನ ಟ್ಯಾಂಕಿನ ಸುತ್ತ ಸುತ್ತಿಸಿ ಪರೀಕ್ಷೆ ಮಾಡುತ್ತಾನೆ. ಒಂಚೂರು ಓಲಿದರೂ ಮನೆಗೆ ಕಳಿಸುತ್ತಾನೆ. ಹಾಗಾಗಿ ನಮ್ಮ ದಾರಿಯಲ್ಲಿ ಓಲಾಡುವವರನ್ನು ಯಾರೂ ನೋಡಿಯೇ ಇಲ್ಲ. ಬಿಂದು ಪಾಸಾದಳು. ನನಗೆ ಹೆಮ್ಮೆ ಪಡಲೂ ಆಗಲಿಲ್ಲ, ಏಕೆಂದರೆ ಅದೇ ಸಂಜೆ ಅವಳು ಅಜ್ಜಿಯ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ಅಜ್ಜೀ, ನಾನೂ ಅಪ್ಪನ ಪಕ್ಕ ಕಾಲೂರಿ ನಿಂತ್ಕೊಂಡ್ರೆ ಅಪ್ಪಂಗೆ ಬೇಜಾರಾಗಲ್ಲ ಅಲ್ವಾ? ಚಪ್ಪಲಿ ನಂದೇ ತಾನೇ ಬಿದ್ದಿದ್ದು?”

ಬೇಡ ಎಂದರೆ ಒಬ್ಬಳೇ ಹೋಗುವ ಜಾತಿ ಅದು. ಹತ್ತಿರ ಕೂರಿಸಿಕೊಂಡು ಹೇಳಿದೆ: “ಅಪ್ಪನ ಹತ್ರ ಬಂದಾಗ ಅಪ್ಪನ ಮುಖ ನೋಡಬೇಡ. ಮುಂದೆ ಹೊಂಗೆಮರ ಕಾಣುತ್ತಲ್ಲ, ಅದನ್ನೇ ನೋಡ್ತಾ ತುಳಿ.”

“ಅಪ್ಪನ ಮುಖ ನೋಡೋಕೇ ಅಲ್ವಾ ಹೋಗ್ತಿರೋದು?”

ಕಾಲೂರುವುದಿಲ್ಲ ಎಂದು ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ. ಆಣೆ ಮಾಡುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಜಾತ್ರೆಯಷ್ಟು ಜನ. ಬುತ್ತಿಯ ಚೀಲ, ಫ್ಲಾಸ್ಕು, ಕುಲಾವಿ ಹಾಕಿದ ಕೂಸುಗಳು. ಹೊರಗಿನವರು ನೋಡಿದರೆ ಪಿಕ್ನಿಕ್ಕು ಅಂದುಕೊಳ್ಳಬೇಕು. ನಾನು ಬ್ರೇಕು ನೋಡಿಕೊಳ್ಳುತ್ತಿದ್ದರೆ ಹಿಂದೆ ಏನೋ ಕಟಕಟ ಸದ್ದಾಯಿತು. ಅತ್ತೆ ಮನೆಯಿಂದ ಸ್ಟೂಲು ಹೊತ್ತು ತಂದು ನನ್ನ ಕ್ಯಾರಿಯರಿಗೆ ಹಗ್ಗ ಬಿಗಿಯುತ್ತಿದ್ದಾರೆ! ಬಾಯಿ ತೆರೆದರೆ ಊರೆಲ್ಲ ಕೇಳುತ್ತದೆಂದು ಹಲ್ಲು ಕಚ್ಚಿಕೊಂಡು ಹಗ್ಗ ಬಿಚ್ಚಿ ಸ್ಟೂಲನ್ನು ಪ್ಲಾಟ್‌ಫಾರಂ ಮೇಲೆ ಕುಕ್ಕಿದೆ. ಅತ್ತೆ ಅದರ ಮೇಲೆ ತಾವೇ ಕೂತು ಮುಖ ತಿರುಗಿಸಿಕೊಂಡರು. “ಮಗೂನೂ ಕಳಕೊಂಡು ಬಾ” ಎಂದರು. ಆಮೇಲೆ ತಾವೇ ಬಾಯಿ ಮುಚ್ಚಿಕೊಂಡರು.

ಕಂಬಿಯ ತುಂಡಿಗೆ ಬಡಿದು ಗಂಟೆ ಹೊಡೆದ ಕೂಡಲೇ ಒಬ್ಬೊಬ್ಬರಾಗಿ ಹೊರಟೆವು. ಬಿಂದು ಮುಂದೆ, ನಾನು ಹಿಂದೆ. ನನ್ನ ಹಿಂದೆ ಎಣ್ಣೆ ಅಂಗಡಿಯವರ ಕುಟುಂಬ, ಅವರ ಮುಂದಿನ ಸೀಟಿನಲ್ಲಿ ಹಾಲುಗೂಸು. ಆ ದಾರಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಮುಂದಿನವರು ಬಿದ್ದರೆ ಹಿಂದಿನವರೂ ಕಾಲೂರಲೇಬೇಕು. ಅದಕ್ಕೇ ಎಷ್ಟೇ ನಗುತ್ತಾ ಹಾಡುತ್ತಾ ಹೋದರೂ ಎಲ್ಲರ ಕಣ್ಣು ಮುಂದಿನ ಸೈಕಲ್ಲಿನ ಹಿಂದಿನ ಚಕ್ರದ ಮೇಲೇ ಇರುತ್ತದೆ. ಬಿಂದುವಿನ ಜಡೆ ಅತ್ತಿತ್ತ ಆಡುತ್ತಿತ್ತು. ಗಾಳಿಗೆ ಕೆರೆಯ ವಾಸನೆ ಬರುತ್ತಿತ್ತು.

ಮೊದಲು ಸಿಗುವವರು ಡ್ರಿಲ್ ಮೇಷ್ಟ್ರು ಅಂತೋಣಪ್ಪ. ನಾನು ಶಾಲೆಗೆ ಹೋಗುವಾಗ ಇಡೀ ಮೈದಾನವನ್ನು ಒಂದು ಸೀಟಿಯಲ್ಲಿ ಕುಣಿಸಿದವರು. ಅವರು ಕೂತು ಎಷ್ಟೋ ವರ್ಷವಾಯಿತು. ಬೆತ್ತದ ಕುರ್ಚಿ, ಮೇಲೊಂದು ದೊಡ್ಡ ಕೊಡೆ, ಕೊರಳಿನಲ್ಲಿ ಆ ಸೀಟಿ ಇನ್ನೂ ಇದೆ, ಊದುವುದಿಲ್ಲ. ನಾನು ಹಾಯುತ್ತಾ “ಮೇಷ್ಟ್ರೇ, ಮನೇಲಿ ಮೊಮ್ಮಗಳಿಗೆ ಮದುವೆ ಗೊತ್ತಾಗಿದೆಯಂತೆ” ಎಂದೆ. ಅವರು ಒಳ್ಳೆಯ ನಗು ನಕ್ಕು “ಯಾರ ಮನೇಲಮ್ಮ?” ಎಂದರು. ನಮ್ಮ ಯಜಮಾನರ ಮುಖದಲ್ಲೂ ಅದೇ ನಗು ಬರುವ ಕಾಲ ದೂರವಿಲ್ಲ ಅನ್ನಿಸಿತು.

ಸಿಗ್ನಲ್ ಕಂಬ ದಾಟಿದ ಮೇಲೆ ಅವರು ಕಂಡರು. ಹಸಿರು ಬಳ್ಳಿಯ ನಡುವೆ ನೀಲಿ ಷರ್ಟು. ಬಾಯಲ್ಲಿ ಸ್ಕ್ರೂಡ್ರೈವರು, ಕೈಯಲ್ಲಿ ಯಾರದೋ ಕುಕ್ಕರಿನ ಮುಚ್ಚಳ. “ಹೊಂಗೆಮರ ನೋಡು ಬಿಂದೂ!” ಎಂದು ಕೂಗಿದೆ. ಅವಳು ನೋಡಲಿಲ್ಲ. ನೆಟ್ಟಗೆ ಅಪ್ಪನನ್ನೇ ನೋಡುತ್ತಿದ್ದಳು. ವೇಗ ಕಡಿಮೆಯಾಯಿತು. ಅವಳ ಎಡಗಾಲಿನ ಹಿಮ್ಮಡಿ ಪೆಡಲಿನಿಂದ ಮೇಲೆದ್ದದ್ದನ್ನು ನಾನು ಈ ಕಣ್ಣಿನಿಂದ ಕಂಡೆ. ನನ್ನ ಹಿಂದೆ ಎಣ್ಣೆ ಅಂಗಡಿಯವರ ಬೆಲ್ಲು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

“ಅಪ್ಪಾ, ಮನೆಗೆ ಬರ್ತೀಯಾ?” ಎಂದು ಕೂಗಿದಳು.

ಅವರು ಕೈ ಹಿಂದೆ ಕಟ್ಟಿಕೊಂಡರು. ಮಗಳ ಮುಖ ನೋಡಲಿಲ್ಲ. ಅವಳ ಸೈಕಲ್ಲು ನೋಡಿ “ಚೈನು ಲೂಸಿದೆ ಕಣಮ್ಮ, ಬಿಗಿ ಮಾಡಿಸ್ಕೋ” ಎಂದರು, ಯಾವುದೋ ಗಿರಾಕಿಯ ಮಗುವಿಗೆ ಹೇಳುವ ಹಾಗೆ. ಬಿಂದುವಿನ ಹಿಮ್ಮಡಿ ಮತ್ತೆ ಪೆಡಲಿಗೆ ಬಂತು. ಬೆನ್ನು ಬಾಗಿಸಿಕೊಂಡು ತುಳಿದಳು. ಕಾಲೂರುವಷ್ಟು ಆಸೆಯೂ ಅವಳಲ್ಲಿ ಉಳಿಯಲಿಲ್ಲ ಅಂತ ಕಾಣುತ್ತದೆ. ನಾನು ಚೀಲವನ್ನು ಕೊಕ್ಕೆಗೆ ಎಸೆದೆ.

“ಸ್ಟೂಲು ತಂದ್ಯಾ?” ಎಂದರು ನನಗೆ.

“ತಂದಿಲ್ಲ! ತರೋದೂ ಇಲ್ಲ!”

ಹುಣಸೆತೋಪಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕೂತರು. ಬಿಂದು ಚಿತ್ರಾನ್ನ ಮುಟ್ಟಲಿಲ್ಲ, ಅಳಲೂ ಇಲ್ಲ. “ಅಪ್ಪಂಗೆ ನಾನು ಗೊತ್ತಾಗ್ಲಿಲ್ಲ ಅಲ್ವಾಮ್ಮಾ?” ಎಂದು ಮಾತ್ರ ಕೇಳಿದಳು. ಗೊತ್ತಾಯಿತು ಮಗಳೇ, ಬಿಸಿಲು, ಕಣ್ಣು ಕುಕ್ಕಿರಬೇಕು ಎಂದು ಏನೇನೋ ಒದರಿದೆ. ನನಗೇ ಅದು ನಂಬಿಕೆಯಾಗಲಿಲ್ಲ. ಅಲ್ಲಿ ಮರದ ಕೆಳಗೆ ಸೈಕಲ್ ರಿಪೇರಿಯವನು ಕೂತಿರುತ್ತಾನೆ. ಎಣ್ಣೆ ಅಂಗಡಿಯಾಕೆ “ಚೈನು ಅಂದ್ರಲ್ಲ, ತೋರಿಸಿಬಿಡಿ” ಎಂದಳು. ನನಗೆ ಎಲ್ಲಿತ್ತೋ ಸಿಟ್ಟು. “ಒಂದು ವರ್ಷಕ್ಕೆ ಮಗಳನ್ನ ಕಂಡು ಚೈನು ನೋಡಿದ ಮನುಷ್ಯ! ಆ ಚೈನನ್ನ ನಾನು ಮುಟ್ಟಲ್ಲ” ಎಂದೆ. ಮುಟ್ಟಲಿಲ್ಲ.

ಮಧ್ಯಾಹ್ನದ ಗಂಟೆಯಾಯಿತು. ಹಿಂತಿರುಗಿ ಹೊರಟೆವು. ಬಿಂದು ಈಗ ನಿಜವಾಗಿಯೂ ಹೊಂಗೆಮರಗಳನ್ನು ನೋಡುತ್ತಾ ತುಳಿಯುತ್ತಿದ್ದಳು. ಬೆಳಿಗ್ಗೆ ನಾನು ಬಯಸಿದ್ದು ಅದನ್ನೇ. ಅವರು ನಿಂತ ಜಾಗಕ್ಕೆ ಸ್ವಲ್ಪ ಮೊದಲು ಹಳೇ ಕಿರುಸೇತುವೆ ಇದೆ, ಮೇಲೆ ತಗಡು ಹಾಸಿದ್ದಾರೆ. ಬಿಂದುವಿನ ಸೈಕಲ್ಲು ಅದರ ಮೇಲೆ ದಡದಡ ಹಾದಿತು. ಹಾದ ಕೂಡಲೇ ಒಂದು ಕರಕರ ಸದ್ದು. ಅವಳ ಕಾಲು ಗಿರಗಿರನೆ ಸುಮ್ಮನೆ ತಿರುಗತೊಡಗಿತು.

“ಅಮ್ಮಾ, ಚೈನು!”

ಸೇತುವೆಯ ಇಳಿಜಾರಿನ ಓಟ ಇನ್ನೂ ಸೈಕಲ್ಲಿನಲ್ಲಿತ್ತು. ಅದು ಮುಗಿಯುತ್ತಾ ಬಂದದ್ದು ನನಗೆ ಕಾಣುತ್ತಿತ್ತು. ಒಂದು ಕೈ ಬಿಟ್ಟು ಮುಂದೆ ಬಾಗಿ ಅವಳ ಬೆನ್ನು ತಳ್ಳಲು ಹೋದೆ. ನನ್ನ ಚಕ್ರವೇ ಅಂಚಿನ ಜಲ್ಲಿಗೆ ಜಾರಿತು, ಹಿಂದೆ ಎಳೆದುಕೊಂಡೆ. ಎಣ್ಣೆ ಅಂಗಡಿಯವರ ಕೂಸು ಅಳುತ್ತಿತ್ತು, ಅವರ ಹಿಂದಿನವರು ಏನಾಯಿತು ಏನಾಯಿತು ಎಂದು ಕೂಗುತ್ತಿದ್ದರು. ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅವಳು ನಿಂತರೆ ನಾನು, ನಾನು ನಿಂತರೆ ಅವರು, ಸಾಲಾಗಿ ಎಲ್ಲರೂ.

“ಅಮ್ಮಾ, ಇಳೀಲಾ?”

“ಇಳೀಬೇಡ! ಇಳೀಬೇಡ ಕಂದಾ!”

ಮುಂದೆ ನಮ್ಮ ಯಜಮಾನರು ಬಳ್ಳಿಯ ನಡುವೆ ಕೈ ಹಿಂದೆ ಕಟ್ಟಿಕೊಂಡು, ಸಂಪ್ರದಾಯ ತಪ್ಪದೆ ನಿಂತಿದ್ದರು. “ತುಳಿಯಮ್ಮಾ, ತುಳಿ” ಎಂದರು. “ಚೈನು ಬಿದ್ದಿದೆ ಅಪ್ಪಾ” ಎಂದಳು ಬಿಂದು. ಅವಳ ದನಿಯಲ್ಲಿ ಅಳು ಇತ್ತು, ಅದರ ಜೊತೆಗೆ ನಾನು ಹೆದರಿದ್ದ ಆ ಸಮಾಧಾನವೂ ಇತ್ತು. ಹೇಗೂ ಇಳಿಯಲೇಬೇಕು, ಅಪ್ಪನ ಹತ್ತಿರವೇ ಇಳಿಯೋಣ ಎಂಬ ಹಾಗೆ. ಹ್ಯಾಂಡಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿತು. ನಮ್ಮ ದಾರಿಯಲ್ಲಿ ಒಂದು ಸೈಕಲ್ಲು ಹಾಗೆ ಓಲಾಡಿದ್ದನ್ನು ನಿಂತವರು ಯಾರೂ ಕಂಡಿರಲಿಕ್ಕಿಲ್ಲ. ಸೈಕಲ್ಲು ನೀರಿನ ಕಡೆಗೆ ವಾಲಿತು. ಅವಳ ಕಾಲು ಪೆಡಲು ಬಿಟ್ಟು ನೆಲದ ಕಡೆಗೆ ಇಳಿಯಿತು.

“ರೀ! ಮಗು ಬೀಳ್ತಿದೆ ರೀ!” ಎಂದು ಕಿರುಚಿದೆ.

ಅವರ ಕಾಲು ನೆಲದಿಂದ ಯಾವಾಗ ಬಂತೋ ನಾನು ನೋಡಲಿಲ್ಲ, ಅವರೂ ನೋಡಲಿಲ್ಲ. ಕುಕ್ಕರಿನ ಮುಚ್ಚಳ ಠಣ್ಣೆಂದು ಬಿತ್ತು, ಬಳ್ಳಿ ಪರಪರ ಹರಿಯಿತು. ನಾನು ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಅವರು ಬಿಂದುವಿನ ಹಿಂದೆ ಇದ್ದರು. ಒಂದು ಕೈ ಸೀಟಿನ ಮೇಲೆ, ಒಂದು ಕೈ ಅವಳ ಭುಜದ ಮೇಲೆ. ಸೈಕಲ್ಲು ನೆಟ್ಟಗಾಯಿತು. ಬಿಂದುವಿನ ಕಾಲು ಪೆಡಲಿಗೆ ಬಂತು. ಅಂಗಳದಲ್ಲಿ ಮಗುವಿಗೆ ಸೈಕಲ್ಲು ಕಲಿಸುವ ಅಪ್ಪಂದಿರು ಹೇಗೆ ಓಡುತ್ತಾರೋ ಹಾಗೆ ಬಾಗಿಕೊಂಡು ಓಡುತ್ತಿದ್ದರು. ನಾಲ್ಕು ಹೆಜ್ಜೆ ಹೋದ ಮೇಲೆ ಅವರಿಗೆ ಅರಿವಾಯಿತು. ತಲೆ ತಗ್ಗಿಸಿ ಕಾಲು ನೋಡಿಕೊಂಡರು. ಹೆಜ್ಜೆ ತಡವರಿಸಿತು.

“ಕೆಳಗೆ ನೋಡಬೇಡಿ!” ನನ್ನ ಮಿಲ್ಲಿನ ಗಂಟಲು ಅವತ್ತು ಕೆಲಸಕ್ಕೆ ಬಂತು. “ನಿಲ್ಲಬೇಡಿ! ಓಡಿ!”

ಓಡಿದರು. ಪ್ರತಿ ಹೆಜ್ಜೆಗೂ ನೆಲ ಹಿಡಿಯಲು ನೋಡುತ್ತಿತ್ತು, ನನಗೆ ಸದ್ದೇ ಕೇಳುತ್ತಿತ್ತು, ಹಸಿ ಜೇಡಿಯಿಂದ ಕಾಲು ಕಿತ್ತಂಥ ಸದ್ದು. ಹಿಡಿಯುವ ಮೊದಲೇ ಅವರು ಎತ್ತಿಬಿಡುತ್ತಿದ್ದರು. ಒಂದು ಕಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಸ್ವಲ್ಪ ದೂರದಲ್ಲಿ ಇನ್ನೊಂದೂ ಉಳಿಯಿತು. ಅವರು ಬಗ್ಗಲಿಲ್ಲ. ಒಂದು ವರ್ಷ ನಿಂತೇ ಇದ್ದ ಕಾಲು, ಮೀನಖಂಡ ಬತ್ತಿ ಬಿದಿರಿನ ಹಾಗಾಗಿತ್ತು. ಸಿಗ್ನಲ್ ಕಂಬದ ಹತ್ತಿರ ಬರುವಷ್ಟರಲ್ಲಿ ಏದುಸಿರು. “ಆಗಲ್ಲ ಜಯಾ” ಎಂದರು. “ಮಗೂನ ನೀನು ತಳ್ಳು, ನಾನು…”

“ನಿಂತ್ರೆ ನಿಮ್ಮ ಮೇಲೇ ಸೈಕಲ್ ಹತ್ತಿಸ್ತೀನಿ!” ಎಂದೆ. ನನ್ನ ಮುಂದಿನ ಚಕ್ರ ಅವರ ಹಿಮ್ಮಡಿಗೆ ತಗುಲುವಷ್ಟು ಹತ್ತಿರವಿತ್ತು. ಹತ್ತಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಕಣ್ಣಿನಲ್ಲಿ ನೀರು ತುಂಬಿ ದಾರಿಯೇ ಸರಿಯಾಗಿ ಕಾಣುತ್ತಿರಲಿಲ್ಲ. “ಬಿಡಬೇಡ ಅಪ್ಪಾ, ಬಿಡಬೇಡ” ಎಂದು ಬಿಂದು ಹಿಂದೆ ತಿರುಗದೆಯೇ ಹೇಳುತ್ತಿದ್ದಳು.

ಆಗ ಸೀಟಿ ಕೇಳಿಸಿತು. ತಲೆ ಎತ್ತಿ ನೋಡಿದರೆ ಮುಂದೆ ಡ್ರಿಲ್ ಮೇಷ್ಟ್ರು. ಕೊಡೆ ಪಕ್ಕಕ್ಕೆ ಬಿದ್ದಿತ್ತು. ಅವರು ಕುರ್ಚಿಯ ಕೈ ಹಿಡಿದುಕೊಂಡು ಎದ್ದು ನಿಂತಿದ್ದರು. ಕೂತವರು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಮತ್ತೆ ಊದಿದರು, ಮುಖವೆಲ್ಲ ಕೆಂಪಾಗಿ. “ಎದೆ ಮುಂದೆ! ಲೆಫ್ಟ್! ರೈಟ್! ಲೆಫ್ಟ್! ಮೊಣಕಾಲು ಎತ್ತೋ ಶಂಭು, ಎತ್ತೋ!” ನಮ್ಮ ಯಜಮಾನರೂ ಅವರ ಕೈಯಲ್ಲೇ ಡ್ರಿಲ್ಲು ಕಲಿತವರು. ಆ ಕೂಗಿಗೆ ಮೊಣಕಾಲು ತಾನಾಗಿ ಮೇಲೆದ್ದಿತು. ನಾವು ದಾಟಿದ ಮೇಲೂ ಸೀಟಿ ಹಿಂದಿನಿಂದ ಬರುತ್ತಲೇ ಇತ್ತು, ಒಂದು ಎಡಕ್ಕೆ, ಒಂದು ಬಲಕ್ಕೆ. ಅದು ಕೇಳಿಸುವಷ್ಟು ದೂರವೂ ಅವರು ಓಡಿದರು. ಆಮೇಲೆ ಹೇಗೆ ಓಡಿದರೋ ದೇವರಿಗೇ ಗೊತ್ತು.

ಪ್ಲಾಟ್‌ಫಾರಂ ಇಳಿಜಾರಿನ ಬುಡದಲ್ಲಿ ಜನ ಕೂಗುತ್ತಾ ಇಬ್ಭಾಗವಾದರು. ಬಿಂದುವಿನ ಸೈಕಲ್ಲು ಮೇಲೆ ಹತ್ತಿತು, ನಾನೂ ಹತ್ತಿ ಇಳಿದು ಸೈಕಲ್ಲನ್ನು ಹಾಗೇ ಕೆಡವಿದೆ. ನಮ್ಮ ಯಜಮಾನರು ಮಾತ್ರ ನಿಲ್ಲಲಿಲ್ಲ. ಸೀಟು ಬಿಟ್ಟು, ಪ್ಲಾಟ್‌ಫಾರಂ ಮೇಲೆ ಆ ತುದಿಗೆ ಓಡಿದರು, ತಿರುಗಿ ಈ ತುದಿಗೆ ಓಡಿ ಬಂದರು. ಬಾಯಲ್ಲಿ ಜೊಲ್ಲು, ಷರ್ಟಿಗೆ ಸುತ್ತಿಕೊಂಡ ಅವರೆ ಬಳ್ಳಿ. ಹಿಡಿಯಲು ಹೋದವರನ್ನು ತಳ್ಳಿದರು. “ಬಂತಪ್ಪಾ ಸ್ಟೇಷನ್ನು, ನಿಲ್ಲು” ಎಂದು ಜನ ಹೇಳಿದಷ್ಟೂ ಅವರ ಕಣ್ಣಿನಲ್ಲಿ ಹೆದರಿಕೆ ಹೆಚ್ಚುತ್ತಿತ್ತು. ಅತ್ತೆ ಸ್ಟೂಲಿನಿಂದ ಎದ್ದು ಎದೆ ಹಿಡಿದುಕೊಂಡು ನಿಂತಿದ್ದರು. ಹೀಗೆ ಓಡುತ್ತಲೇ ಸತ್ತುಹೋಗುತ್ತಾರೆ ಅನ್ನಿಸಿತು ನನಗೆ. ನಾನು ಕೂಗಿದ್ದೂ ಅವರ ಕಿವಿಗೆ ಬೀಳಲಿಲ್ಲ.

ಬಿಂದು ಅವರ ದಾರಿಗೆ ಅಡ್ಡ ಹೋದಳು. ಮುಟ್ಟಲಿಲ್ಲ. “ಅಪ್ಪಾ, ನನ್ನ ಕಾಲು ನೋಡು” ಎಂದಳು. ಒಂದು ಪಾದವನ್ನು ಕಲ್ಲಿನ ಮೇಲೆ ಊರಿದಳು, ಎತ್ತಿದಳು. ಊರಿದಳು, ಎತ್ತಿದಳು. “ನೋಡಪ್ಪಾ, ಬರ್ತಾ ಇದೆ. ಇಲ್ಲಿ ಬರುತ್ತೆ.” ಅವರು ಅವಳ ಸುತ್ತ ಒಂದು ಸುತ್ತು ಓಡಿದರು, ಇನ್ನೊಂದು ಸುತ್ತು ನಿಧಾನವಾಗಿ. ಆಮೇಲೆ ನಿಂತರು. ಒಂದು ಕಾಲು ಎತ್ತಿ ನೋಡಿದರು, ಬಂತು. ಇನ್ನೊಂದು ಎತ್ತಿದರು, ಅದೂ ಬಂತು. ಆಗಲೇ ಅವರು ಮೊದಲ ಸಲ ಮಗಳ ಮುಖ ನೋಡಿದ್ದು. ತಲೆಯಿಂದ ಕಾಲಿನವರೆಗೆ ನೋಡಿದರು. ಬೆಳಿಗ್ಗೆ ಅವಳು ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತಲ್ಲ.

“ಬಂದೆ ಕಣಮ್ಮ” ಎಂದರು.

ಅಷ್ಟು ಹೇಳುವುದರೊಳಗೆ ಅವರು ಕುಸಿಯುವುದರಲ್ಲಿದ್ದರು. ಅತ್ತೆ ಸ್ಟೂಲನ್ನು ಎಳೆದು ತಂದು ಅವರ ಹಿಂದೆ ಇಟ್ಟರು. “ಕೂತ್ಕೊಳೋ ಮಗಾ” ಎಂದರು. ಸುತ್ತ ನಿಂತ ಜನ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ “ಬೇಡ ಬೇಡ” ಎಂದೂ ಅಂದರು. ನಮ್ಮ ಯಜಮಾನರು ಸ್ಟೂಲು ನೋಡಿದರು, ನನ್ನನ್ನು ನೋಡಿದರು. ಅತ್ತೆಯೂ ನನ್ನನ್ನೇ ನೋಡಿದರು. ನಾನು ಹತ್ತಿರ ಹೋಗಿ ಅವರ ಷರ್ಟಿಗೆ ಅಂಟಿದ್ದ ಬಳ್ಳಿಯನ್ನು ಕಿತ್ತು ಬಿಸಾಡಿದೆ. ಎರಡೂ ಭುಜ ಹಿಡಿದುಕೊಂಡೆ.

“ಈಗ ಕೂತ್ಕೊಳ್ಳಿ” ಎಂದೆ.